ದರ್ಜಿಯ ಎಂಟು ಗುಳಿಗೆ

ನನ್ನ ಕಿವಿಯನ್ನು ನಾನೇ ಹೊಗಳಿಕೊಳ್ಳಬಾರದು. ಆದರೂ ಮೂರು ಬೀದಿಯಾಚೆ ಸೂಜಿ ಬಿದ್ದರೆ ಅದು ಎಷ್ಟನೇ ನಂಬರಿನದೆಂದು ಹೇಳಬಲ್ಲೆ. ಹೀಗಿರುವಾಗ ದವಾಖಾನೆಯ ಬೆಂಚಿನಲ್ಲಿ ನನ್ನ ಪಕ್ಕದಲ್ಲೇ ಕೂತ ದರ್ಜಿ ಮತ್ತು ಅವನ ಹೆಂಡತಿಯ ಮಾತು ನನ್ನಿಂದ ತಪ್ಪಿಸಿಕೊಂಡೀತೇ? ಅವನು ಕೊರಳಿನ ಟೇಪನ್ನೂ ತೆಗೆಯದೆ ಬಂದಿದ್ದ.

“ಸಕ್ಕರೆ ಬದಲು ಸಿಹಿ ಗುಳಿಗೆ ಹಾಕ್ಕೊಳ್ಳಿ, ಮಿತಿಯಲ್ಲಿದ್ರೆ ಭಯ ಇಲ್ಲ ಅಂದಿದ್ರು ಡಾಕ್ಟ್ರು. ನೀವು ದಿನಕ್ಕೆ ಎಂಟು ಹಾಕ್ಕೋತೀರ. ಏನಾದ್ರೂ ಆದ್ರೆ ನಾನೇನ್ರೀ ಮಾಡ್ಲಿ?”

“ಒಂದು ಹಾಕಿದ್ರೆ ಚಹಾ ಸಿಹೀನೇ ಆಗಲ್ಲ ಕಣೇ. ತಿಂಗಳಾಯ್ತು, ನೋಡು, ಗುಂಡುಕಲ್ಲಿನ ಹಾಗಿದೀನಿ.”

“ಹೊಲಿಗೆ ಮೆಷಿನ್ ಮೇಲಿದ್ದ ಗುಳಿಗೆ ಡಬ್ಬೀನೇ ತಂದಿದೀನಿ. ಡಾಕ್ಟ್ರಿಗೆ ತೋರ್ಸಿ.”

ಅವನು ಡಬ್ಬಿಯಿಂದ ನಾಲ್ಕನ್ನು ಅಂಗೈಗೆ ಸುರಿದುಕೊಂಡ. ನಾನು ಬಗ್ಗಿದೆ. ಅರ್ಧ ದವಾಖಾನೆಯೇ ಬಗ್ಗಿತು.

“ರೀ, ಇದಕ್ಕೆ ತೂತಿದೆ.”

“ಹ್ಞೂಂ. ನಾಲ್ಕ್ನಾಲ್ಕು.”

“ಇದು ಮಕ್ಕಳ ಅಂಗಿ ಗುಂಡಿ.”

“ಅದಕ್ಕೇ ಕರಗ್ತಿರ್ಲಿಲ್ಲ.”

“ಲೋಟದ ತಳದಲ್ಲಿ ದಿನಾ ಸಿಗ್ತಿತ್ತು. ಹೊಲೀತಾ ಬೀಳಿಸ್ಕೊಂಡಿದೀರ ಅಂತ ತೊಳೆದು ಮತ್ತೆ ಗುಂಡಿ ಡಬ್ಬಿಗೆ ಹಾಕ್ತಿದ್ದೆ. ಎರಡು ಡಬ್ಬೀನೂ ಒಂದೇ ಥರ ಇವೆ, ಇವತ್ತು ನಾನೂ ಅದನ್ನೇ ತಂದುಬಿಟ್ಟೆ.”

“ಹಾಗಾದ್ರೆ ತಿಂಗಳಿಂದ ನಾನು ಕುಡಿದಿದ್ದು ಸಪ್ಪೆ ಚಹಾನಾ?”

“ಎಂಟಲ್ಲ, ಒಂದು ಗುಳಿಗೇನೂ ನಿಮ್ಮ ಹೊಟ್ಟೆಗೆ ಹೋಗಿಲ್ಲ. ಸದ್ಯ, ಜೀವ ಬಂತು.”

ಇಬ್ಬರೂ ನಕ್ಕ ನಗುವಿಗೆ ಗೋಡೆಯ ಗಡಿಯಾರ ಐದು ನಿಮಿಷ ಮುಂದೆ ಹೋಯಿತು. ಅಷ್ಟರಲ್ಲಿ ನರ್ಸ್ ಅವರನ್ನು ಕರೆದಳು.

“ಈಗ ಡಾಕ್ಟ್ರನ್ನ ಏನಂತ ಕೇಳೋದೇ?”

“ದಿನಕ್ಕೆ ಎಷ್ಟು ಗುಂಡಿವರೆಗೆ ಪರವಾಗಿಲ್ಲ ಅಂತ ಕೇಳಿ,” ಎನ್ನುತ್ತ ಅವಳು ಅವನ ಟೇಪು ಹಿಡಿದು ಒಳಗೆ ಎಳೆದುಕೊಂಡು ಹೋದಳು.