ಗೆಜ್ಜಿಗುಡ್ಡದ ಉಪ್ಪು

ಇದೂ ಬ್ಯಾಡೇನ್ರಿ ಕಾಕು? ಎಣ್ಣಿಗಾಯಿ ರೀ... ನಿಮ್ಮ ಸಲುವಾಗಿನ ಮಸರ್ರತ್ ನಸುಕಿನ್ಯಾಗ ಎದ್ದು ಮಾಡ್ಯಾಳ. ಕಟಗೊಂಡ ಗಂಡಗ ಯಾವತ್ತೂ ಅಷ್ಟ ಲಗೂ ಎದ್ದಾಕಿ ಅಲ್ಲ. ಶೇಂಗಾ ಚಟ್ನಿ? ಅದೂ ಬ್ಯಾಡ. ಆತ್ ಬಿಡ್ರಿ. ಒಣಾ ರೊಟ್ಟಿ, ಸಪ್ಪನ ಮೊಸರು... ನಿನ್ನಿಯಿಂದ ಅದನ್ನ ತಿನ್ನಾಕತ್ತೀರಿ. ಊರಿಂದ ಚೀಲದಾಗ ಕಟಗೊಂಡ್ ಬಂದ ಕಟಕ ರೊಟ್ಟಿ ಹಾಲೆಂಡಿನ್ಯಾಗ ಕುಂತು ಮುರಿಯೂದಂದ್ರ! ನೋಡಿದವ್ರು ಏನಂದಾರು? ಖಾಜಾನ ಮನ್ಯಾಗ ಬರಗಾಲ ಬಿದ್ದೈತಿ ಅಂದಾರು.

ಬಿಪಿ ಗಿಪಿ ಐತೇನು? ತಲಿ ಅಲ್ಲಾಡಸ್ತೀರಿ, ಇಲ್ಲ. ಮತ್ತ ಬಂದ ದಿನ ಇದ ಟೇಬಲ್ಲಿಗೆ ಕುಂತು ಮತ್ತ ಮತ್ತ ಸಾರು ಹಾಕಿಸಿಕೊಂಡ್ರಿ. 'ಖಾಜಾ, ನಿಮ್ಮವ್ವನ ಕೈರುಚಿ ಬಂದೈತಿ' ಅಂದ್ರಿ. ಆ ಮಾತನ್ನ ಮಸರ್ರತ್ ಈ ವೂರ್‌ಬರ್ಗ್ ಊರ ತುಂಬ ಡಂಗುರ ಸಾರ್ಯಾಳ. ಈಗ ನೋಡ್ರಿ, ಮಾರಿ ಸಣ್ಣದು ಮಾಡ್ಕೊಂಡು ಅಡಗಿಮನಿ ಬಿಟ್ಟು ಹೊರಗ ಬರವಲ್ಲಳು.

ಇರ್ಲಿ. ಟ್ರ್ಯಾಮಿಗೆ ಟೈಮ್ ಆಗಾಕತ್ತೈತಿ, ಕೆಲಸದ ಮಾತಾಡೂಣು. ಮತ್ತೊಮ್ಮಿ ಹೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಗೆಜ್ಜಿಗುಡ್ಡದ ನೆತ್ತಿ ಮ್ಯಾಲ ದೊಡ್ಡ ಹೋಟೆಲ್ಲು, ಅಲ್ಲಿಗೆ ಹತ್ತಾಕ ರೋಪ್‌ವೇ. ಅದಕ್ಕ ರೊಕ್ಕ ಹಾಕೂದು ಇಲ್ಲಿಯ ಒಂದು ಪಿಂಚಣಿ ಫಂಡು. ಇವತ್ತು ಹೇಗ್ ಶಹರದಾಗ ಅವರ ಮೀಟಿಂಗು. ಗುಡ್ಡದ ಬುಡದ ಊರಿನವ್ರು ಏನಂತಾರ ಕೇಳಿ, ಸಂಜೀಕ ಕೈ ಎತ್ತಿ ತೀರ್ಮಾನ ಮಾಡ್ತಾರ. ಊರು ಅಂದ್ರ ನೀವ. ಗೌರಾಬಾಯಿ ಅಂತ ನಿಮ್ಮ ಹೆಸರು ಹಾಕ್ಯಾರ. ನೀವು ನಮ್ಮ ಮಾತಿನ್ಯಾಗ ಹೇಳೂದು, ನಾ ಅದನ್ನ ಇಂಗ್ಲಿಷಿನ್ಯಾಗ ತಿರುವಿ ಹೇಳೂದು. ತೋಲ್ಕ್ ಅಂತಾರ ಇಲ್ಲಿ, ಮಾತು ತಿರುವಿ ಹೇಳಾಂವಗ. ನಾನ ನಿಮ್ಮ ತೋಲ್ಕ್.

ಒಂದ ಮಾತು. ಎದ್ದು ನಿಂತಾಕ್ಷಣ ಬರೇ 'ಬ್ಯಾಡ' ಅನಬ್ಯಾಡ್ರಿ. ಈ ಮಂದಿಗೆ ಅದು ತಿಳಿಯಂಗಿಲ್ಲ. ಕಾಫಿ ಕುಡಕೋತ ಕುಂತು, ನೀ ಸ್ವಲ್ಪ ಬಿಡು ನಾ ಸ್ವಲ್ಪ ಬಿಡ್ತೀನಿ ಅನ್ನೂ ಮಂದಿ ಇವರು. ಇವರ ದೇಶ ಕಟ್ಟಿದ್ದ ಹಂಗ. ಸ್ವಲ್ಪ ಸರಿಸಿ ಮಾಡ್ರಿ, ಗುಡ್ಡದ ನೀರಿನ ಒರತಿಗೆ ಧಕ್ಕಿ ಆಗದಂಗ ಮಾಡ್ರಿ ಅಂದ್ರ ಕಿವಿ ಕೊಡ್ತಾರ. ಏನು? ಅರ್ಧ ಗುಡ್ಡ ಹೆಂಗ ಬಿಡೂದು ಅಂತ ಕಣ್ಣಾಗ ಕೇಳ್ತೀರಿ. ತಿಳೀತು ರೀ. ಆದ್ರ ಒರತಿ ಉಳದ್ರ ಊರ ಉಳಿದಂಗ ಅಲ್ಲೇನು? ಬ್ಯಾಸಗಿ ಬಂದ್ರ ತ್ವಾಳ, ನವಿಲು, ನಮ್ಮ ದನ, ನಮ್ಮ ಕೊಡ, ಎಲ್ಲಾ ಅಲ್ಲೇ. ಒರತಿಗೆ ಏನೂ ಆಗಂಗಿಲ್ಲ ಕಾಕು, ನನ್ನ ಮಾತು ನಂಬ್ರಿ. ರೋಪ್‌ವೇದ ಮೂರನೇ ಕಂಬ ಸೀದಾ ಅದರ ಮ್ಯಾಲ ಬರ್ತಿತ್ತು, ಅದನ್ನ ಆ ಕಡೆ ಕರಿಗಲ್ಲಿನ ಮ್ಯಾಲ ಸರಿಸೀನಿ... ಸರಿಸ್ಯಾರ. ಅವರು. ಸರಿಸ್ಯಾರಂತ.

ಯಾಕ ಹಂಗ ನೋಡ್ತೀರಿ? ಪೇಪರಿನ್ಯಾಗ ಬಂದಿತ್ತು. ಎಲ್ಲೋ ಓದೀನಿ, ಈಗ ನೆನಪಾಗವಲ್ದು.

ನಿನ್ನಿ ಚಿತ್ರದ್ದು ಮನಸ್ಸಿನ್ಯಾಗ ಇಟ್ಕೊಂಡೀರೇನು? ಹಾಂ, ಅದ ಇರಬೇಕು. ನಾ ಮ್ಯಾಲಿನ ಖೋಲಿಯೊಳಗ ಕೆಲಸ ಮಾಡಾಕತ್ತಿದ್ದೆ, ನೀವು ಚಾ ತಗೊಂಡು ಬಂದ್ರಿ, ಸ್ಕ್ರೀನಿನ ತುಂಬ ನಮ್ಮ ಗುಡ್ಡ. ಬುಡದಿಂದ ನೆತ್ತಿತನಾ ಕೆಂಪು ಗೆರಿ. ನಾ ಪಟ್ಟನ ಮುಚ್ಚಿದೆ, ಖರೆ ಐತಿ. ಯಾಕಂದ್ರ... ನಿಮ್ಮ ವಯಸ್ಸು, ನೋಡಿ ಎದಿ ಒಡ್ಕೊಂಡೀರಿ ಅಂತ. ಅದು ಹೋಟೆಲ್ಲಿನವರ ನಕ್ಷಾ ರೀ. ವೈರಿ ಏನ್ ಮಾಡ್ತಾನ ತಿಳ್ಕೋಬೇಕಲ್ಲ? ಸ್ವಪ್ನಾ ಎಲ್ಲಿಂದಲೋ ತರಿಸಿ ಕೊಟ್ಲು. ಸ್ವಪ್ನಾ ಗೊತ್ತಲ್ಲ, ನಿಮ್ಮನ್ನ ಏರ್‌ಪೋರ್ಟಿಗೆ ಕರಿಯಾಕ ಬಂದಾಕಿ, ನೂರ್ಡ್‌ವೈಕಿನ್ಯಾಗ ಉಪಗ್ರಹದ ಕೆಲಸದಾಗ ಅದಾಳ. ಗುಡ್ಡ ಉಳಸೂ ಗುಂಪು ಇಲ್ಲಿ ಕಟ್ಟಿದವ್ರ ನಾವಿಬ್ರು.

ಮೊದಲನೇ ಸಭಾ ಎಲ್ಲಿ ಮಾಡಿದ್ವಿ ಗೊತ್ತೇನು? ನೂರ್ಡ್‌ವೈಕಿನ ಸಮುದ್ರದ ದಂಡಿಗೆ, ಉಸುಕಿನ ದಿಬ್ಬದ ಮ್ಯಾಲ. ಈ ದೇಶದಾಗ ಅದ ಗುಡ್ಡ! ಹತ್ತಿ ನಿಂತು ಎಲ್ಲಾರೂ ಏದುಸಿರು ಬಿಟ್ಟು ಫೋಟೋ ತಗದ್ರು. ನಕ್ರಿ ಅಲ್ಲ? ತುಟಿ ಅಲಗಿತು, ನಾ ನೋಡಿದೆ. ಇಲ್ಲ? ನಗಲಿಲ್ಲೇನು...

ಅಲ್ಲಿ ಕುಂತ ನಾ ಅವರಿಗೆ ನಮ್ಮೂರ ಉಪ್ಪಿನ ಸಂಗತಿ ಹೇಳಿದೆ. ಶಿವಶರಣಪ್ಪ ಗೌಡ್ರು ಗುಡ್ಡದ ಬುಡ ಕಲ್ಲಿನ ಖಣಿಯಾಂವಗ ಬರಕೊಟ್ಟದ್ದು. ಯಾರೂ ಬೈಲಿಲ್ಲ, ಯಾರೂ ಕಲ್ಲು ಒಗೀಲಿಲ್ಲ. ಗುಡ್ಡಕ್ಕ ಕೈ ಹಚ್ಚಿದವನ ಮನಿ ಉಪ್ಪು ಉಣಬಾರದು, ನಮ್ಮ ರಿವಾಜು ಅಷ್ಟ. ದರ್ಗಾದವರಿರ್ಲಿ, ಮಠದವರಿರ್ಲಿ, ಎಲ್ಲಾರದೂ ಒಂದ. ಗೌಡ್ರ ಮಗಳ ಮದುವಿಗೆ ಇಡೀ ಊರು ಹೋತು, ಪಂಕ್ತಿಗೆ ಕುಂತ್ರು, ಹುಗ್ಗಿ ಹಾಲು ಉಂಡು ಎದ್ರು. ಅನ್ನ ಸಾರು ಎಲಿ ಮ್ಯಾಲ ಹಂಗ ಉಳೀತು. ಗೌಡ್ರು ಒಂದೊಂದ ಎಲಿ ಮುಂದ ನಿಂತು ಕೈ ಮುಗದ್ರು, ಯಾರೂ ತಲಿ ಎತ್ತಲಿಲ್ಲ. ಮುಂದ ಸ್ವಲ್ಪ ದಿನದಾಗ ಖಣಿಯವನ ಲಾರಿ ಬಂದ ದಾರಿ ಹಿಡದು ಹೊಳ್ಳಿ ಹೋದ್ವು. ನಾ ಸಣ್ಣಾಂವ, ತಿಳೀದ ಭಜಿಗೆ ಕೈ ಹಾಕಿದ್ದೆ. ನೀವ ಬಾಜೂಕ ಕುಂತು ಪಟ್ಟಂತ ಕೈ ಮ್ಯಾಲ ಹೊಡದ್ರಿ. ನೆನಪೈತೇನು?

ಗುಂಪಿನ ಡಚ್ ಮಂದಿ ಇದನ್ನ ಕೇಳಿ ಕಣ್ಣಾಗ ನೀರು ತಗದ್ರು ಕಾಕು. ಇಂಥಾ ಊರಿನವ ನೀನು, ಪುಣ್ಯವಂತ, ಅಂದ್ರು.

ಮಜ್ಜಿಗಿನಾರ ತಗೋರಿ, ಈಗ ಕಡದಾಳ. ದೊಡ್ಡ ಸಭಾದಾಗ ಮಾತಾಡೋರು, ಗಂಟಲ ಒಣಗಬಾರದು. ತಡೀರಿ, ಸಪ್ಪಗ ಐತಿ, ಒಂದು ಚಿಟಿಕಿ ಉಪ್ಪು... ಗ್ಲಾಸಿನ ಮ್ಯಾಲ ಯಾಕ ಕೈ ಮುಚ್ಚಿದ್ರಿ?

ಕೈ ತಗೀರಿ ಕಾಕು.

ಯಾ ಅಲ್ಲಾ... ನಿನ್ನಿ ಚಾ ಹೊತ್ತಿನಿಂದ. ಎಣ್ಣಿಗಾಯಿ ಬ್ಯಾಡ, ಚಟ್ನಿ ಬ್ಯಾಡ, ಸಾರು ಬ್ಯಾಡ. ನಾ ಎಂಥಾ ಕ್ವಾಣ, ಬಿಪಿ ಅಂತ ಕೇಳಾಕತ್ತೀನಿ. ನಿಮಗ ಯಾರು ಹೇಳಿದ್ರು? ಯಾರು ಹೇಳಬೇಕು, ನಿನ್ನಿ ಆ ನಕ್ಷಾ ಮುಚ್ಚಿದ ಕೈ ನನ್ನದ ಇತ್ತು.

ಹೌದು, ಆ ನಕ್ಷಾ ತಗದಾಂವ ನಾನ. ರೈಸ್‌ವೈಕಿನ ನಮ್ಮ ಆಫೀಸಿಗೆ ಆ ಡಿಸೈನ್ ಬಂತು, ನಾ ಆ ಕಡೆ ಸೀಮಿಯಾಂವ ಅಂತ ನನ್ನ ಟೇಬಲ್ಲಿಗೆ ಬಂತು. ನಾ ಒಲ್ಲೆ ಅಂದಿದ್ರ ಬ್ಯಾರೆಯಾಂವ ಮಾಡ್ತಿದ್ದ. ಅವಗ ಒರತಿ ಎಲ್ಲೈತಿ ಅಂತ ಗೊತ್ತಿತ್ತೇನು? ನಾ ಇದ್ದದ್ದಕ್ಕ ಕಂಬ ಸರೀತು ರೀ! ಅದನ್ಯಾರೂ ನೋಡಂಗಿಲ್ಲ. ಇತ್ತಾಗೂ ಇದ್ದು ಅತ್ತಾಗೂ ಇದ್ರ ಅರ್ಧನಾರ ಉಳಸಬಹುದು ಅಂದ್ಕೊಂಡೆ. ಇವತ್ತಿನ ಸಭಾದಾಗೂ... ನಿಮ್ಮ 'ಬ್ಯಾಡ' ಅನ್ನೂದನ್ನ ಸ್ವಲ್ಪ ಮೆತ್ತಗ ಮಾಡಿ ಹೇಳೂಣು ಅಂತಿದ್ದೆ. ಸುಳ್ಳಲ್ಲ ಅದು. ಸ್ವಲ್ಪ ಮೆತ್ತಗ, ಅಷ್ಟ.

ಬೈರಿ ನನಗ. ಎರಡು ಕಪಾಳಕ್ಕ ಹೊಡೀರಿ, ಸಣ್ಣಾಂವಿದ್ದಾಗ ಹೊಡದೀರಲ್ಲ. ಹಿಂಗ ಉಳಿದ ರೊಟ್ಟಿ ಹೊಳ್ಳಿ ಚೀಲಕ್ಕ ಕಟಗೋಬ್ಯಾಡ್ರಿ, ನನಗ ತಡಕೊಳ್ಳಾಕ ಆಗವಲ್ದು.

ಬೆಲ್ ಆತು. ಈ ಹೊತ್ತಿನ್ಯಾಗ ಯಾರು... ಸ್ವಪ್ನಾನ ಕಾರು. ಆಕಿ ಯಾಕ ಬಂದ್ಲು? ನಾವು ಟ್ರ್ಯಾಮಿಗೆ ಹೋಗೋರು. ನೀವ ಕರಿಸಿದ್ರೇನು? ಓ... ತೋಲ್ಕ್ ಆಕಿ ಆಗ್ತಾಳ. ಆಕಿ ಮುಂದ ಆ ನಕ್ಷಾದ ಮಾತು ತಗೀಬ್ಯಾಡ್ರಿ ಕಾಕು, ಆಕೀಗೆ ಏನೂ ಗೊತ್ತಿಲ್ಲ, ಆಕಿ ಕೊಟ್ಟದ್ದಲ್ಲ ಅದು. ನಾನ ಹೇಳ್ತೀನಿ. ಇವತ್ತ ಹೇಳ್ತೀನಿ... ಹೇಳ್ತೀನಿ.

ಚೀಲ ನಾ ಹಿಡೀತೀನಿ ಕೊಡ್ರಿ. ಆತು, ಬ್ಯಾಡ. ಹೊರಗ ಥಂಡಿ ಐತಿ, ಶಾಲು ಹೊದ್ಕೋರಿ. ರಾತ್ರಿ ಊಟಕ್ಕ ಇಲ್ಲೇ ಬರ್ತೀರಲ್ಲ? ಕಾಕು? ಬರ್ತೀರಲ್ಲ?

ಮಸರ್ರತ್... ಅಲ್ಲೇ ಬಾಗಲದಾಗ ನಿಂತೀಯೇನು? ಎಲ್ಲಾ ಕೇಳ್ದಿ? ಕಾಕು ರಾತ್ರಿ ಬರ್ತಾರ, ಬರಂಗಿಲ್ಲ ಅಂತ ಅಂದಿಲ್ಲ ಅವರು. ಅಡಗಿಗೆ ಉಪ್ಪು ಹಾಕಬ್ಯಾಡ. ನನ್ನ ಗಂಗಾಳಕ್ಕೂ ಬ್ಯಾಡ.