ಕೈಗವಸಿನ ಒಳಪದರ

ಜಿಪ್ ಕೊಳ್ಳಲು ಬಟ್ಟೆಯಂಗಡಿಯ ಸಾಲಿನಲ್ಲಿ ನಿಂತಿದ್ದ ನಿವೃತ್ತ ಮೇಷ್ಟ್ರ ಮುಂದೆ ಇಬ್ಬರು ವಾರಗಿತ್ತಿಯರಿದ್ದರು. ಹಿರಿಯವಳ ಕಂಕುಳಲ್ಲಿ ಮಿರಮಿರ ಮಿಂಚುವ ಹಾಸಿನ ಸುರುಳಿಯೊಂದಿತ್ತು.

"ಇದೇನಕ್ಕ, ಹೀಗೆ ಹೊಳೀತಿದೆ?" ಎಂದಳು ಕಿರಿಯವಳು.

"ಶಾಖ ತಡೆಯೋ ಹಾಸು. ಬಿಸಿ ಪಾತ್ರೆ ಹಿಡಿಯೋ ಕೈಗವಸಿನೊಳಗೆ ಇಟ್ಟು ಹೊಲಿಯೋದು."

"ನನಗೆ ಬರೀ ಹತ್ತಿ ಸಾಕು ಅಂದಿದ್ರಲ್ಲ?"

ಹಿರಿಯವಳು ಸುರುಳಿಯನ್ನು ಇನ್ನೊಂದು ಕಂಕುಳಿಗೆ ಬದಲಿಸಿದಳು. "ಅಂದಿದ್ದೆ."

"ನಾನು ಹೊಲಿದ ಗವಸು ಹಾಕ್ಕೊಂಡು ಪಾತ್ರೆ ಹಿಡಿದಿದ್ದಕ್ಕೇ ಅತ್ತೆ ಅಂಗೈಲಿ ಬೊಬ್ಬೆ ಎದ್ದಿದ್ದು. ಎಲ್ಲರೂ ನನ್ನನ್ನೇ ಬೈದ್ರು. ನೀವು ತುಟಿ ಬಿಚ್ಚಲಿಲ್ಲ."

"ಇಪ್ಪತ್ತು ವರ್ಷ ಆ ಮನೆಗೆ ಹೊಲಿದವಳು ನಾನು ಕಣೆ. ನೀನು ಬಂದ ತಿಂಗಳಿಗೇ ಊಟದ ಮೇಜಿನ ತುಂಬ ನಿನ್ನ ಹೂವಿನ ಹಾಸು. ನನ್ನದನ್ನ ಅತ್ತೆ ಕಾಲೊರೆಸೋಕೆ ಹಾಕಿದ್ರು. ಹೊಟ್ಟೆ ಉರೀತು."

"ಉರಿದಿದ್ದು ನಿಮ್ಮ ಹೊಟ್ಟೆ, ಸುಟ್ಟಿದ್ದು ಅವರ ಕೈ."

ಮೇಷ್ಟ್ರು ಗುಂಡಿಗಳ ಡಬ್ಬಿಯತ್ತ ಮುಖ ತಿರುಗಿಸಿದರು. ಕಿವಿ ಮಾತ್ರ ತಿರುಗಲಿಲ್ಲ.

"ಅತ್ತೆಗೆ ಹೇಳಿಬಿಡ್ತೀಯಾ?"

"ನಾನ್ಯಾಕೆ? ನೀವೇ ಹೇಳಿ. ಇವತ್ತೇ."

"ಹೇಳ್ತೀನಿ." ಹಿರಿಯವಳ ದನಿ ಇಳಿಯಿತು. "ಆ ಹೂವಿನ ಹೊಲಿಗೆ ನನಗೂ ಕಲಿಸ್ತೀಯಾ?"

"ಮೊದಲು ಹೇಳಿ, ಆಮೇಲೆ ನೋಡೋಣ."

ಕಿರಿಯವಳು ಸುರುಳಿಯನ್ನು ಎಳೆದುಕೊಂಡು ಹಣ ಕಟ್ಟಿ ಹೊರನಡೆದಳು. ಹಿರಿಯವಳು ಸೆರಗು ಸರಿಮಾಡಿಕೊಳ್ಳುತ್ತ ಅವಳ ಹಿಂದೆಯೇ ಓಡಿದಳು.