ಮೇಷ್ಟ್ರ ಕೊನೆಯ ಶೇವಿಂಗ್

ಬೆಳಿಗ್ಗೆ ಹತ್ತಕ್ಕೆ ಕ್ಷೌರಿಕ ಅಂಗಡಿಗೆ ಮರಳಿದ. ತೀರಿಕೊಂಡ ಮೇಷ್ಟ್ರ ಮನೆಯವರು ಕರೆಸಿದ್ದರಿಂದ ಶವದ ಗಡ್ಡ ತೆಗೆದು ಬಂದಿದ್ದ. ಸರದಿಗೆ ಕಾದು ಕೂತಿದ್ದ ಡ್ರೈವರ್ ಪೇಪರಿನ ಮರೆಯಲ್ಲೇ ಕಿವಿ ನೆಟ್ಟ.

"ಯಾಕಣ್ಣ ಇಷ್ಟು ಹೊತ್ತು?" ಎಂದ ಕ್ಷೌರಿಕನ ತಮ್ಮ.

"ಗಡ್ಡ ತೆಗೀತಾ ಯೇಸು ವಿಷಯ ಹೇಳ್ದೆ. ನಂಬಿದ್ರೆ ರಕ್ಷಣೆ ಅಂತ, ಪೂರ್ತಿ."

"ಬದುಕಿದ್ದಾಗ ಬಾಯಿಗೆ ಬೀಗ, ಈಗ ಹೆಣಕ್ಕೆ ಪ್ರಸಂಗವಾ?"

"ಗಿರಾಕಿ ತಪ್ಪಿಹೋಗ್ತಾರೆ ಅಂತ ಭಯ ಕಣೋ. ವಾರವಾರ ಕತ್ತು ಒಡ್ಡಿ ಕೂರ್ತಿದ್ರು. ಊರ ಜಗಳವೆಲ್ಲ ಹೇಳ್ದೆ, ಇದೊಂದು ಬಿಟ್ಟು."

"ದೇವರಿಗೆ ಕರುಣೆ ಇದೆ, ಅಣ್ಣ."

"ಇದೆ. ಅದನ್ನ ಅವರಿಗೆ ಹೇಳೋಕೆ ನನ್ನನ್ನ ಇಟ್ಟಿದ್ದ."

"ಇನ್ಮೇಲೆ ಬರೋರಿಗಾದ್ರೂ ಹೇಳು."

ಕ್ಷೌರಿಕ ತಲೆಯಾಡಿಸಿ ಡ್ರೈವರನ್ನು ಕುರ್ಚಿಗೆ ಕರೆದ. ಕತ್ತಿನ ಸುತ್ತ ಬಟ್ಟೆ ಕಟ್ಟಿ, ಕನ್ನಡಿಯಲ್ಲಿ ಅವನ ಮುಖ ನೋಡಿದ.

"ಮೀಸೆ ಹಾಗೇ ಬಿಡ್ಲಾ ಸಾರ್?"

ಯೇಸು ವಿಷಯ ಈಗ ತನಗೂ ಹೇಳುತ್ತಾನೆಂದು ಕೆಲಸ ಮುಗಿಯುವವರೆಗೂ ಡ್ರೈವರ್ ಕಾದ. ಕ್ಷೌರಿಕನ ಬಾಯಿಂದ ಬೇರೆ ಮಾತು ಬರಲಿಲ್ಲ.